ಕಾಗದದ ಗಂಟಲು

"ಹಾಡು ಎಷ್ಟು ಬೇಕಾದ್ರೂ ಹಾಕ್ಕೊಳ್ಳಪ್ಪ. ಸತ್ತೋರ ದನಿ ಮಾತ್ರ ಇದರಲ್ಲಿ ಹಾಕ್ಬೇಡ."

ಮುದುಕಿ ಇದನ್ನು ಹೇಳುವಾಗ ಸ್ಪೀಕರ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ತೀರಿಹೋದ ಅವಳ ತಮ್ಮ ಕೈಯಾರೆ ಮಾಡಿದ್ದ ಜೋಡಿ ಪೆಟ್ಟಿಗೆಗಳು. ಒಂದೊಂದರಲ್ಲೂ ಒಂದೇ ಒಂದು ಕಾಗದದ ಕೋನ್. ಕೊಳಲಿನಿಂದ ನಗಾರಿಯವರೆಗೆ ಎಲ್ಲವನ್ನೂ ಅದೊಂದೇ ನುಡಿಸಬೇಕು. ಜೊತೆಗೆ ಗಾಜಿನ ವಾಲ್ವುಗಳ ಹಳೆಯ ಆಂಪ್ಲಿಫೈಯರ್. ಅದರ ಶಕ್ತಿ ಬರೀ ಎರಡು ವ್ಯಾಟ್.

ಅವನ್ನು ಕೊಳ್ಳಲು ಬಂದಿದ್ದ ಮೈಕ್‌ಸೆಟ್ಟಿನವನಿಗೆ ನಗು ಬಂತು. ಆಳೆತ್ತರದ ಬಾಕ್ಸುಗಳನ್ನು ಪೇರಿಸಿ ಜನರ ಕಿವಿ ತೂತು ಮಾಡುವುದೇ ಅವನ ಕಸುಬು. "ಎರಡು ವ್ಯಾಟಾ? ಸೊಳ್ಳೆ ಇದಕ್ಕಿಂತ ಜೋರಾಗಿ ಹಾಡುತ್ತಲ್ಲಜ್ಜಿ!"

"ನಗಬೇಡ. ಹೆಂಡ್ತಿ ಹೋದ್ಮೇಲೆ ನನ್ನ ತಮ್ಮ ಮಾಟದೋನ ಬೆನ್ನು ಹತ್ತಿದ. ಅವಳ ಕೂದಲನ್ನ ಆ ಕಾಗದದಲ್ಲಿ ಸೇರಿಸಿದಾನೆ. ಅದು ಸುಮ್ಮನೆ ಮಾತಾಡಲ್ಲಪ್ಪ. ಬದುಕಿರೋರಿಂದ ಕಿತ್ಕೊಂಡು ಮಾತಾಡುತ್ತೆ."

"ಕೂದಲು ಸೇರಿದ್ರೆ ಕಾಗದ ಗಟ್ಟಿಯಾಗುತ್ತೆ, ಅಷ್ಟೇ," ಎಂದು ಅವನು ಪೆಟ್ಟಿಗೆಗಳನ್ನು ಹೊತ್ತು ಮನೆಗೆ ತಂದ.

ತಂದದ್ದೇ ಸತ್ತವರ ದನಿಗಾಗಿ. ಆರು ವರ್ಷದ ಮಗಳು ಜ್ವರದಲ್ಲಿ ಹೋಗಿ ವರ್ಷವಾಗುತ್ತಾ ಬಂದಿತ್ತು. ಅಪ್ಪನ ಮೈಕ್ ಹಿಡಿದು ಅಪ್ಪನನ್ನೇ ಅಣಕಿಸಿದ್ದ ಅವಳ ಮಾತು ಫೋನಿನಲ್ಲಿ ಉಳಿದಿತ್ತು. ಫೋನಿನಲ್ಲಿ ಅದು ತಗಡು ಕೆರೆದಂತೆ ಕೇಳುತ್ತಿತ್ತು, ದೊಡ್ಡ ಬಾಕ್ಸುಗಳಲ್ಲಿ ಅರಚುತ್ತಿತ್ತು. ಮಗಳಂತೆ ಮಾತ್ರ ಎಲ್ಲೂ ಕೇಳಿರಲಿಲ್ಲ. ಹೆಂಡತಿಯಂತೂ ಮಗುವಿನ ಹಳದಿ ಫ್ರಾಕನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ತಲೆ ಬಾಚುವುದಿಲ್ಲ, ಬಾಯಿ ಬಿಡುವುದಿಲ್ಲ.

ಮಧ್ಯಾಹ್ನ ಪರದೆ ಎಳೆದು, ಫೋನು ಜೋಡಿಸಿ, ಅವನು ಸ್ವಿಚ್ ಒತ್ತಿದ. ವಾಲ್ವುಗಳು ಕೆಂಡದಂತೆ ಮೆಲ್ಲಗೆ ಹತ್ತಿಕೊಂಡವು. ಕಾದ ಧೂಳಿನ ವಾಸನೆ. ಅದರ ಹಿಂದೆಯೇ ಕೂದಲು ಸುಟ್ಟ ಕಮರು.

"ಹಲೋ, ಹಲೋ, ಮೈಕ್ ಟೆಸ್ಟಿಂಗ್... ಅಪ್ಪಾ, ಕೇಳಿಸ್ತಾ?"

ದನಿ ಪೆಟ್ಟಿಗೆಗಳಿಂದ ಬರಲಿಲ್ಲ. ಅವೆರಡರ ನಡುವಿನ ಖಾಲಿ ಜಾಗದಲ್ಲಿ, ಅವನ ಸೊಂಟದೆತ್ತರಕ್ಕೆ, ಸರಿಯಾಗಿ ಮಗಳ ಬಾಯಿ ಇರಬೇಕಾದಲ್ಲಿ ನಿಂತಿತ್ತು. ಉಗುಳು ನುಂಗಿದ್ದೂ ಕೇಳಿಸಿತು. ಅವನು ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಅಂದಿನಿಂದ ಅದೇ ಗೀಳಾಯಿತು. ಅಚ್ಚರಿಯೆಂದರೆ, ಹೆಂಡತಿ ಚೇತರಿಸಿಕೊಳ್ಳತೊಡಗಿದಳು. ಎದ್ದು ಕೂತಳು. ತಲೆ ಬಾಚಿದಳು. ಅಡುಗೆಮನೆಯಿಂದ ಒಗ್ಗರಣೆಯ ಚಟಪಟ ಕೇಳಿದ ದಿನ, ಕಾಲವೇ ಗಾಯ ಮಾಯಿಸುತ್ತಿದೆಯೆಂದು ಅವನು ನಿಟ್ಟುಸಿರು ಬಿಟ್ಟ.

ಒಂದು ಸಂಜೆ ಅವಳು ಕಿಟಕಿಯ ಗಾಜು ಒರೆಸುತ್ತಿದ್ದಳು, ಹಳದಿ ಫ್ರಾಕಿನಿಂದ.

"ಏನೇ ಇದು? ಪುಟ್ಟೀದಲ್ವಾ ಅದು!"

"ಯಾವ ಪುಟ್ಟಿ ರೀ? ಈ ಮನೇಲಿ ಮುಂಚೆ ಇದ್ದೋರು ಬಿಟ್ಟು ಹೋಗಿರ್ಬೇಕು."

ಅವಳ ಕಣ್ಣಲ್ಲಿ ನೋವಿನ ಸುಳಿವೂ ಇರಲಿಲ್ಲ.

ಒಳಕೋಣೆಯಿಂದ ಜೋಗುಳ ಕೇಳಿಸಿತು. ಅವನು ಸ್ವಿಚ್ ಒತ್ತಿರಲಿಲ್ಲ. ಓಡಿದ. ಕತ್ತಲಲ್ಲಿ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಆಸ್ಪತ್ರೆಯಲ್ಲಿ ಅಮ್ಮ ಮಗುವಿನ ಕಿವಿಯಲ್ಲಿ ಹಾಡಿದ್ದ ಜೋಗುಳ ಅದು. ಅದು ಫೋನಿನಲ್ಲಿ ಇರಲೇ ಇಲ್ಲ.

"ಅಪ್ಪಾ, ಅಮ್ಮನ ಹತ್ರ ಇದ್ದಿದ್ದೆಲ್ಲ ಮುಗೀತು."

"ಪುಟ್ಟೀ..."

"ಇನ್ನು ನಿಂದು ಕೊಡು."

ತಲೆಯೊಳಗೆ ಏನೋ ಜಾರಿತು. ಬಿದ್ದ ಹಲ್ಲು ಎಡದ್ದೋ ಬಲದ್ದೋ? ಹೊಳೆಯಲಿಲ್ಲ. ಕೆನ್ನೆಯ ಗುಳಿ? ಇತ್ತೇ? ಮುಖ ಮಸುಕಾಗುತ್ತಿತ್ತು. ಅವನು ಸ್ಕ್ರೂಡ್ರೈವರ್‌ಗಾಗಿ ತಡಕಾಡಿದ. ಸಿಕ್ಕಿತು. ಒಂದು ಕೋನಿಗೆ ಚುಚ್ಚಿದ. ಕಾಗದ ಚರ್ಮದಂತೆ ಬೆಚ್ಚಗಿತ್ತು. "ಅಪ್ಪಾ, ನೋಯ್ತಿದೆ!" ಅದು ಅವಳದೇ ದನಿ. ಜ್ವರದ ರಾತ್ರಿಯ ದನಿ. "ಕ್ಷಮಿಸು ಕಂದಾ," ಎಂದ. ಕಣ್ಣು ಮುಚ್ಚಿದ. ಇನ್ನೊಂದನ್ನೂ ಹರಿದ. ಉಗುರಿನಿಂದ ಬಗೆದ. ಬೆರಳಿಗೆ ಕೂದಲು ಸುತ್ತಿಕೊಂಡವು.

"ಅಪ್—"

ಮೌನ.

ಅವನು ಕಂಗಾಲಾಗಿ ಫೋನು ಹುಡುಕಿ ಒತ್ತಿದ. ಮಗಳ ಮಾತಿದ್ದಲ್ಲಿ ಬರೀ ಗೊರಗೊರ ಸದ್ದು. ಆದರೆ ಮಗಳ ಮುಖ ಅರೆಬರೆಯಾಗಿ ಅವನೊಳಗೆ ಉಳಿದಿತ್ತು. ಅದನ್ನೇ ಹಿಡಿದುಕೊಂಡು ಗೋಳೋ ಎಂದು ಅತ್ತ.

ಹೆಂಡತಿ ಓಡಿಬಂದು ದೀಪ ಹಾಕಿದಳು. ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಕಣ್ಣೊರೆಸಿದಳು.

"ಯಾಕ್ರೀ? ಏನಾಯ್ತು? ಯಾರಾದ್ರೂ ಹೋದ್ರಾ?"

ಅವಳ ಮುಖವನ್ನೇ ನೋಡಿದ. ವರ್ಷದ ಮೇಲೆ ಆ ಮುಖ ನಿರಾಳವಾಗಿತ್ತು. ಹೇಳಿದರೆ ನಂಬಿಯಾಳು, ನಂಬಿದರೆ ಮತ್ತೆ ಗೋಡೆಯ ಕಡೆ ತಿರುಗಿಯಾಳು.

"ಗೊತ್ತಿರೋರ ಮಗು," ಎಂದ. "ಚಿಕ್ಕದು."

"ಅಯ್ಯೋ ದೇವ್ರೇ!" ಅವಳ ಕಣ್ಣು ತುಂಬಿಬಂತು. "ಆ ತಾಯಿ ಹೇಗಿದಾಳೋ ಪಾಪ."

ಅವನು ಅವಳ ಕೈ ಹಿಡಿದುಕೊಂಡ.

"ಚೆನ್ನಾಗಿದಾಳೆ," ಎಂದ.