ಮುಸುಕಿನ ಅಳತೆ

ಊರಿನವರೇ ಸೇರಿ ಒಂದು ಸಿನಿಮಾ ತೆಗೆಯುತ್ತೇವೆಂದು ಹೊರಟರೆ ಖರ್ಚು ಹೇಗೆ ಬೀಳುತ್ತದೆ ಎಂಬುದನ್ನು ಮಧುಗಿರಿಯವರನ್ನು ಕೇಳಬೇಕು. ಕ್ಯಾಮೆರಾ ಬಾಡಿಗೆ ಎರಡು ಲಕ್ಷ ದಾಟಿತು. ಊಟ ತಿಂಡಿಗೆ ಅರವತ್ತು ಸಾವಿರ. ಹಳೇ ಜೀಪಿಗೆ ಪೊಲೀಸ್ ಬಣ್ಣ ಹೊಡೆಸಲು ಒಂಬತ್ತು ಸಾವಿರ. ಎಲ್ಲಕ್ಕಿಂತ ಅಗ್ಗವಾಗಿ ಆದದ್ದು ಕಳ್ಳರ ಮುಸುಕು. ಮೂರಕ್ಕೆ ಮುನ್ನೂರ ಅರವತ್ತು ರೂಪಾಯಿ, ಬಟ್ಟೆಯೂ ಸೇರಿ.

ಅದನ್ನು ಹೊಲಿದವಳು ಯಶಸ್ವಿನಿ. ಕೋಟೆ ಬೆಟ್ಟದ ಬುಡದ ಬೀದಿಯಲ್ಲಿ ಅವಳ ಟೈಲರಿಂಗ್ ಅಂಗಡಿ. ಸಿನಿಮಾ ತೆಗೆಯುತ್ತಿದ್ದವನು ಮದುವೆ ವಿಡಿಯೊ ಮಾಡುವ ರೇಣುಕಪ್ರಸಾದ. ಕಥೆ ಸುಲಭದ್ದು: ಕಳ್ಳತನದ ಗಂಧಗಾಳಿ ಇಲ್ಲದ ಮೂವರು ಗೆಳೆಯರು ಒಂದು ಫೈನಾನ್ಸ್ ಆಫೀಸನ್ನು ದೋಚಲು ಹೊರಟು, ಹೆಜ್ಜೆಹೆಜ್ಜೆಗೂ ಎಡವುತ್ತಾರೆ.

ಆ ಮೂವರ ಪಾತ್ರ ಮಾಡುವವರು ಒಂದು ಸಂಜೆ ಅಳತೆ ಕೊಡಲು ಬಂದರು. ಅಶ್ವತ್ಥನದು ಉದ್ದ ಮುಖ. ತಿಮ್ಮರಾಜುವಿನದು ಗುಂಡು ಮುಖ. ಮೂರನೆಯವನು ಹಾಲೇಶ, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು, ಬೈಕು ಮಾರಿ ಆ ದುಡ್ಡನ್ನು ಸಿನಿಮಾಗೆ ಹಾಕಿದ್ದವನು.

ಎಷ್ಟೋ ವರ್ಷದಿಂದ ಟೇಪು ಹಿಡಿದ ಕೈ ಅವಳದು. ಕತ್ತು, ಭುಜ, ಸೊಂಟ ಎಲ್ಲವೂ ಅವಳಿಗೆ ಬರೀ ಇಂಚು. ಆದರೆ ಹಾಲೇಶನ ಹಣೆಯ ಮೇಲೆ ಟೇಪು ಇಟ್ಟಾಗ ಅವನು ಕಣ್ಣು ಮುಚ್ಚಲಿಲ್ಲ. ಬೇರೆಯವರು ಮುಚ್ಚಿದ್ದರು. ಅವನು ಅಷ್ಟು ಹತ್ತಿರದಿಂದ ಅವಳನ್ನೇ ನೋಡುತ್ತಾ, ಕಳ್ಳನ ಕಣ್ಣು ಎಲ್ಲಿ ಬರಬೇಕು ಟೈಲರ್ ಮೇಡಂ, ಎಂದು ಕೇಳಿದ. ರೆಪ್ಪೆ ಅಲುಗಿಸಬೇಡಿ, ಅಳತೆ ತಪ್ಪುತ್ತದೆ ಎಂದಳು ಅವಳು. ತಪ್ಪಲಿ ಬಿಡಿ, ನಾಳೆ ಮತ್ತೆ ಬರುತ್ತೇನೆ ಎಂದ.

ಬಾಗಿಲಾಚೆ ಇಡೀ ಬೆಟ್ಟ ಸಂಜೆಯ ಬಿಸಿಲಿಗೆ ಕೆಂಪೇರಿತ್ತು. ಹುಟ್ಟಿದಾಗಿನಿಂದ ನೋಡಿದ ಕಲ್ಲು ಅದು. ಅಂದು ಅದು ಅಷ್ಟು ಎತ್ತರ ಇದೆಯೆಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಶೂಟಿಂಗ್ ದಿನ ಮೂವರೂ ಮುಸುಕು ಎಳೆದುಕೊಂಡು ಫೈನಾನ್ಸ್ ಆಫೀಸಿನಿಂದ ಓಡಿ ಬಂದು ಆಟೊ ಹತ್ತಬೇಕಿತ್ತು. ಹಾಲೇಶ ನೇರವಾಗಿ ಬಂದು ಹತ್ತಿ ಕೂತ. ಅಶ್ವತ್ಥನಿಗೆ ಕಣ್ಣಿನ ತೂತು ಹಣೆಯ ಮೇಲೆ ಬಂದಿತ್ತು. ಅವನು ಆಟೊದ ಕಂಬಿಗೆ ಮುಖ ಕೊಟ್ಟು ಹಲ್ಲು ಮುರಿದುಕೊಂಡ. ತಿಮ್ಮರಾಜುವಿಗೆ ತೂತು ಕೆನ್ನೆಗೆ ಇಳಿದಿತ್ತು. ಅವನು ಕೈಚಾಚಿ ತಡಕಾಡುತ್ತಾ ಹೋಗಿ, ಬಣ್ಣ ಹೊಡೆದ ಪೊಲೀಸ್ ಜೀಪಿನಲ್ಲಿ ಇನ್‌ಸ್ಪೆಕ್ಟರ್ ವೇಷದವನ ಪಕ್ಕ ಕೂತು, ಬೇಗ ಬುಡಣ್ಣ ಗಾಡಿಯ, ಎಂದ.

ರೇಣುಕಪ್ರಸಾದ ಕ್ಯಾಮೆರಾ ನಿಲ್ಲಿಸಲಿಲ್ಲ. ಆಮೇಲೆ ಮಾತ್ರ ಯಶಸ್ವಿನಿಯನ್ನು ಕರೆಸಿ, ಅಶ್ವತ್ಥನ ಬಾಯಿಯ ರಕ್ತ ತೋರಿಸಿ, ಎಲ್ಲರೆದುರು ಬೈದ. ಅವಳು ಮುಸುಕುಗಳನ್ನು ಕೈಗೆತ್ತಿಕೊಂಡು ಒಂದರ ಮೇಲೊಂದು ಇಟ್ಟು ನೋಡಿದಳು. ತೂತಿಗೆ ತೂತು ಸರಿಯಾಗಿ ಕೂತಿತು. ಮೂರೂ ಒಂದೇ ಮುಖ.

ತಾನು ಏನು ಮಾಡಿದ್ದೇನೆಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಮೂರನ್ನೂ ಬೇಗ ಬೇಗ ಮಡಚಿದಳು.

ಆಗ ಹಾಲೇಶ ಮುಂದೆ ಬಂದು, ಆಮೇಲೆ ಹೋಗಿ ಅಳತೆ ಬದಲಾಯಿಸಲು ಹೇಳಿದ್ದು ನಾನು, ಅವರದೇನೂ ತಪ್ಪಿಲ್ಲ ಎಂದ. ಗೆಳೆಯರು ಬೈದರು, ಬೈಸಿಕೊಂಡ. ಹೋಗುವಾಗ ಅವಳ ಬಳಿ ನಿಂತು ಒಂದೇ ಮಾತು ಆಡಿದ.

"ನಮ್ ಸಿನಿಮಾ ನಿಮಗೆ ಆಟ ಅನ್ನಿಸಿರ್ಬೋದು ಕಣ್ರೀ. ನಮಗಲ್ಲ."

ಅಂದಿನಿಂದ ಅವನು ಆ ಬೀದಿಗೆ ಬರಲಿಲ್ಲ.

ಸಿನಿಮಾ ಬಿಡುಗಡೆಗೆ ವರ್ಷ ಹಿಡಿಯಿತು. ಅಷ್ಟರಲ್ಲಿ ಯಶಸ್ವಿನಿಯ ತಾಯಿ ದಾಕ್ಷಾಯಣಮ್ಮ ಕೊರಟಗೆರೆಯಲ್ಲಿ ಒಂದು ಸಂಬಂಧ ಗೊತ್ತು ಮಾಡಿದ್ದರು. ಹುಡುಗನ ಕಡೆಯವರು ಭಾನುವಾರ ಬಂದು ತಟ್ಟೆ ಬದಲಾಯಿಸುವವರಿದ್ದರು. ಸಿನಿಮಾ ಶಿರಾದ ಥಿಯೇಟರಿಗೆ ಬಂದದ್ದು ಅದರ ಹಿಂದಿನ ಶುಕ್ರವಾರ. ಶಿರಾದಲ್ಲಿ ಲೈನಿಂಗ್ ಬಟ್ಟೆ ಕೊಳ್ಳಬೇಕು ಎಂದು ಮನೆಯಲ್ಲಿ ಹೇಳಿ ಅವಳು ಬಸ್ಸು ಹತ್ತಿದಳು. ಮೊದಲ ಆಟಕ್ಕೆ ಹಾಲೇಶ ಬಂದೇ ಬರುತ್ತಾನೆ, ಇವತ್ತು ಅವನಿಗೆ ಹೇಳದಿದ್ದರೆ ಇನ್ನು ಹೇಳುವ ಹಾಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬೆಳಗಿನ ಆಟ. ಕಡಲೆಕಾಯಿ ಮಂಡಿಯ ಹಮಾಲರು, ಕಾಲೇಜು ಹುಡುಗರು, ಬುರ್ಖಾ ತೊಟ್ಟ ಹೆಂಗಸರು, ಮಡಿಲಲ್ಲಿ ಮಕ್ಕಳು. ದೀಪ ಆರಿತು.

ಹಾಲೇಶನ ಮುಖ ಗೋಡೆಯಷ್ಟು ದೊಡ್ಡದಾಗಿ ತೆರೆಯ ಮೇಲೆ ಬಂತು. ಯಶಸ್ವಿನಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆರಳ ತುದಿಯಲ್ಲಿ ಅಳೆದ ಹುಬ್ಬು ಈಗ ಇಬ್ಬರು ಮನುಷ್ಯರು ಮಲಗುವಷ್ಟು ಉದ್ದ. ಅವನು ಮುಸುಕು ಎಳೆದುಕೊಂಡಾಗ, ಅವಳ ಕತ್ತರಿ ತೆಗೆದ ತೂತಿನೊಳಗೆ ಆ ಎರಡು ಕಣ್ಣು, ಬಾವಿಯ ನೀರಿನಂತೆ, ಮಿನುಗುತ್ತಾ ಕೂತಿದ್ದವು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಮೇಲೆ ಉಳಿದಿಬ್ಬರು ಓಡಿ ಬಂದರು. ತಿಮ್ಮರಾಜು ಪೊಲೀಸ್ ಜೀಪು ಹತ್ತಿದಾಗ ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಪಕ್ಕದ ಮುದುಕಿ ಅಪರಿಚಿತೆಯಾದ ಯಶಸ್ವಿನಿಯ ತೊಡೆ ತಟ್ಟಿ ತಟ್ಟಿ ನಕ್ಕಳು. ತನ್ನ ಮನಸ್ಸಿನೊಳಗಿನ ಗುಟ್ಟನ್ನು ಇಷ್ಟು ಜನ ಒಟ್ಟಿಗೆ ನೋಡುತ್ತಿದ್ದಾರೆ, ಇಷ್ಟು ಖುಷಿಪಡುತ್ತಿದ್ದಾರೆ, ಒಬ್ಬರಿಗೂ ಅದು ಏನೆಂದು ಗೊತ್ತಿಲ್ಲ ಎಂಬ ಬೆರಗಿಗೆ ಅವಳ ಮೈ ಜುಮ್ಮೆಂದಿತು.

ಇಂಟರ್ವಲ್‌ನಲ್ಲಿ ಹಾಲೇಶ ಹೊರಗೆ ಬೇವಿನ ಮರದಡಿ ಒಬ್ಬನೇ ನಿಂತಿದ್ದ. ಗೆದ್ದವನ ಮುಖವಾಗಿರಲಿಲ್ಲ ಅದು. ಏನಾಯಿತೆಂದು ಇನ್ನೂ ನಂಬಲಾಗದವನ ಮುಖ. ಅವಳನ್ನು ಕಂಡು ಮೊದಲು ಕಣ್ಣು ಕೆಳಗಿಳಿಸಿದ, ಆಮೇಲೆ ಎತ್ತಿದ.

"ಜನ ನಿಮ್ ಮುಸುಕಿಗೇ ನಗ್ತಾವ್ರೆ. ಥ್ಯಾಂಕ್ಸ್ ಹೇಳ್ಬೇಕೋ ಬೈಬೇಕೋ ಗೊತ್ತಾಗ್ತಿಲ್ಲ."

"ಮೂರು ಜನದ ಅಳತೆನೂ ಸರಿಯಾಗೇ ತಗೊಂಡಿದ್ದೆ."

"ಮತ್ತೆ?"

"ಕತ್ತರಿಸೋವಾಗ ಕಣ್ಮುಂದೆ ಒಂದೇ ಮುಖ ಬಂತು. ಮೂರ್ ಸಲನೂ ಅದೇ."

ಹಾಲೇಶನ ಕಿವಿ ನಿಧಾನಕ್ಕೆ ಕೆಂಪಾಯಿತು. ಕೊನೆಗೆ ಕೇಳಿದ:

"ಅಶ್ವತ್ಥನ ಹಲ್ಲು ಹೋಗಿದ್ದು ಅದಕ್ಕಾ?"

"ಅದಕ್ಕೇ."

ಇಬ್ಬರಿಗೂ ನಗು ಬಂತು. ಅವಳ ನಗು ಅರ್ಧದಲ್ಲೇ ಅಳುವಿನ ಕಡೆ ತಿರುಗಿದ್ದನ್ನು ಅವನು ಕಂಡ. ಅಂದೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದ. ಅಂದು ಹೇಳಿದ್ದರೆ ಊರಿನ ಮುಂದೆ ಡಂಗುರ ಸಾರಿದ ಹಾಗಾಗುತ್ತಿತ್ತು ಎಂದಳು. ನೀವ್ಯಾಕೆ ತಪ್ಪು ಮೈಮೇಲೆ ಹಾಕಿಕೊಂಡಿರಿ ಎಂದು ಅವಳು ಕೇಳಿದಳು. ನಿಮ್ಮನ್ನು ಬೈಯುವುದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ ಎಂದ. ಕೋಪ ಬಂದದ್ದೂ ನಿಜ, ನಿಲ್ಲಲಾಗದ್ದೂ ನಿಜ.

ಆಮೇಲೆ ಅವಳು ಭಾನುವಾರದ ವಿಷಯ ಹೇಳಿದಳು. ಒಳಗೆ ಗಂಟೆ ಹೊಡೆಯಿತು. ಜನ ಒಳಗೆ ನುಗ್ಗಿದರು. ಅವರಿಬ್ಬರೂ ಕದಲಲಿಲ್ಲ.

"ಎಷ್ಟೊತ್ತಿಗೆ ಬರ್ತಾರಂತೆ?"

"ಹತ್ತು ಗಂಟೆಗೆ."

"ಅಂಗಾದ್ರೆ ನಾವು ಒಂಬತ್ತಕ್ಕೇ ಬರ್ತೀವಿ. ಅಪ್ಪ, ಅವ್ವ, ನಾನು. ನೀವು ಮುಂಚೆನೇ ಅಮ್ಮನ ಕಿವಿಗೆ ಒಂದ್ ಮಾತು ಹಾಕಿ."

ಅವಳು ತಲೆಯಾಡಿಸಿದಳು. ನೀವು ಅಂತ ಇನ್ನೂ ಯಾಕೆ ಕರೆಯುತ್ತೀರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅದಕ್ಕೆ ಮುಂದೆ ಬೇಕಾದಷ್ಟು ಹೊತ್ತಿದೆ ಎನಿಸಿತು.

ಸಿನಿಮಾ ಶಿರಾದಲ್ಲಿ ಒಂದು ವಾರ, ಪಾವಗಡದಲ್ಲಿ ಮೂರು ದಿನ ಓಡಿತು. ಹಾಲೇಶ ಹಾಕಿದ ದುಡ್ಡಿನಲ್ಲಿ ಅರ್ಧ ಮುಳುಗಿತು. ಕೊರಟಗೆರೆಯ ಸಂಬಂಧ ಮುರಿಯಿತು, ಆ ಮನೆಯವರು ಇಂದಿಗೂ ದಾಕ್ಷಾಯಣಮ್ಮನ ಜೊತೆ ಮಾತಾಡುವುದಿಲ್ಲ. ಯಶಸ್ವಿನಿಗೆ ತಾನು ಬಯಸಿದವನೇ ಸಿಕ್ಕ.