ಅರ್ಧ ಸುತ್ತು ಹಿಂದಕ್ಕೆ

ಮಂಗಳವಾರ ಬೆಳಗ್ಗೆ ಎಂಟಕ್ಕೆ ಠಾಣೆಯ ಮುಂದೆ ಜೀಪು ಬಂದು ನಿಂತಾಗ ಇನ್‌ಸ್ಪೆಕ್ಟರ್ ಮೊದಲ ಲೋಟ ಚಹಾಕ್ಕೆ ಇನ್ನೂ ತುಟಿ ತಾಗಿಸಿರಲಿಲ್ಲ. ಇಳಿದು ಬಂದವರು ನೀರು ಸರಬರಾಜು ಕಚೇರಿಯ ಎಂಜಿನಿಯರ್. ಕೋಪ ಮೂಗಿನ ತುದಿಯಲ್ಲೇ ಕುಳಿತಿತ್ತು. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ದೊಡ್ಡಾಸ್ಪತ್ರೆಗೆ ನೀರು ಹೋಗುವ ಕೊಳವೆಯ ವಾಲ್ವನ್ನು ಯಾರೋ ಮುಚ್ಚಿದ್ದಾರೆ. ಬೆಳಗಿನ ಸರದಿಯಲ್ಲಿ ಹನಿ ನೀರು ಬಂದಿಲ್ಲ. ಡಯಾಲಿಸಿಸ್‌ಗೆ ಬಂದ ರೋಗಿಗಳು ಕಾಯುತ್ತ ಕುಳಿತಿದ್ದಾರೆ. ಸದ್ಯಕ್ಕೆ ಒಂದು ಟ್ಯಾಂಕರ್ ಕಳಿಸಿ ಮಾನ ಉಳಿಸಿಕೊಂಡಿದ್ದಾಯಿತು.

"ಯಾರ ಮೇಲಾದರೂ ಅನುಮಾನ?"

"ಅನುಮಾನ ಏನ್ ಬಂತು, ಖಾತ್ರಿ. ನಮ್ಮ ಟ್ರೈನಿ ಹುಡುಗಿ. ನಿನ್ನೆ ಸಂಜೆ ಆ ವಾಲ್ವ್ ಕೊನೇದಾಗಿ ಮುಟ್ಟಿದ್ದು ಅವಳೇ. ಮೊನ್ನೆ ಎಲ್ಲರೆದುರಿಗೆ ಬೈದಿದ್ದೆ, ಸೇಡು ತೀರಿಸ್ಕೊಂಡಿದಾಳೆ."

"ಕಣ್ಣಾರೆ ಕಂಡವರು ಇದಾರಾ?"

"ಇಲ್ಲ."

"ಹಾಗಾದ್ರೆ ಆರೋಪಿ ಅಪರಿಚಿತ," ಎಂದರು ಇನ್‌ಸ್ಪೆಕ್ಟರ್. ದಫೇದಾರರು ಎಫ್‌ಐಆರ್‌ನಲ್ಲಿ ಹಾಗೇ ಬರೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕಚೇರಿಗಳನ್ನು ಅವರಿಬ್ಬರೂ ಸಾಕಷ್ಟು ಕಂಡಿದ್ದರು.

ಆಸ್ಪತ್ರೆಯ ಮೂಲೆಯಲ್ಲಿ, ಕಬ್ಬಿಣದ ಮುಚ್ಚಳದ ವಾಲ್ವ್ ಗುಂಡಿಯ ಪಕ್ಕ, ಆ ಹುಡುಗಿ ನಿಂತಿದ್ದಳು. ಅಂಗಿಯ ತೋಳಿಗೆ ಗ್ರೀಸು, ಕಣ್ಣು ಕೆಂಪು. ಎಂಜಿನಿಯರಿಂಗ್ ಪದವಿ ಮುಗಿಸಿ ಒಂದು ವರ್ಷ ಫಿಲ್ಟರ್ ತೊಳೆಯುವುದರಿಂದ ಹಿಡಿದು ಕೊಳವೆಗೆ ಕಿವಿ ಹಚ್ಚಿ ಸೋರಿಕೆ ಕೇಳುವುದರವರೆಗೆ ಎಲ್ಲ ಕಲಿತಿದ್ದಳು. ತರಬೇತಿ ಈ ವಾರ ಮುಗಿಯುತ್ತಿತ್ತು. ಕೇಸು ತಲೆಗೆ ಬಿದ್ದರೆ ಕೆಲಸ ಕಾಯಂ ಆಗುವ ಮಾತೇ ಇಲ್ಲ. ಅವಳ ಅಮ್ಮನೋ, ನೆಂಟರ ಮನೆಗೆ ಹೋದರೂ ಅಲ್ಲಿನ ನಲ್ಲಿ ತಿರುಗಿಸಿ "ಇದು ನಮ್ಮ ಹುಡುಗಿ ಬಿಟ್ಟ ನೀರು" ಎಂದು ಹೇಳಿಕೊಂಡು ಬರುವವಳು. ಆ ಅಮ್ಮನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

"ನಿನ್ನೆ ಇಲ್ಲಿ ಏನ್ ಮಾಡಿದ್ರಮ್ಮ?"

"ವಾಲ್ವ್ ಮುಚ್ಚಿ, ತೆಗೆದು ಆಡಿಸಿದೆ ಸಾರ್. ಆಗಾಗ ಆಡಿಸದಿದ್ರೆ ಹಿಡ್ಕೊಂಡುಬಿಡುತ್ತೆ. ಆಮೇಲೆ ಹೊಸ ಗ್ರೀಸ್ ಹಚ್ಚಿ, ಎಂದಿನ ಹಾಗೆ ಅರ್ಧ ತೆರೆದಿಟ್ಟು ಹೋದೆ."

"ಅರ್ಧ ಯಾಕೆ?"

"ಪೂರ್ತಿ ತೆರೆದ್ರೆ ಕೆಳಗಿನ ಬಡಾವಣೆಗೆ ನೀರು ಸಾಲಲ್ಲ."

"ಹೊರಡುವಾಗ ನೀರು ಹರೀತಿತ್ತಾ?"

"ಇಲ್ಲ ಸಾರ್. ಈ ಸಾಲಿಗೆ ನೀರು ಬಿಡೋದು ಬೆಳಗ್ಗೆ ಮಾತ್ರ."

"ಅಂದ್ರೆ ನೀವು ತೆರೆದಿಟ್ಟಿದ್ದಕ್ಕೆ ಸಾಕ್ಷಿ ಇಲ್ಲ."

"ಇಲ್ಲ ಸಾರ್," ಎಂದಳು. ಸುಳ್ಳು ಹೇಳುವವಳಾಗಿದ್ದರೆ ಇಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ ಎನ್ನಿಸಿತು ಇನ್‌ಸ್ಪೆಕ್ಟರ್‌ಗೆ. ಆದರೆ ಅನ್ನಿಸಿದ್ದನ್ನೆಲ್ಲ ನ್ಯಾಯಾಲಯ ಕೇಳುವುದಿಲ್ಲ.

ಪೊಲೀಸರು ನೋಡುವವರೆಗೆ ಯಾರೂ ಮುಟ್ಟಬಾರದು ಎಂದು ಎಂಜಿನಿಯರ್ ಅಪ್ಪಣೆ ಮಾಡಿದ್ದರಂತೆ. ಇನ್‌ಸ್ಪೆಕ್ಟರ್‌ಗೆ ರೇಗಿಹೋಯಿತು. "ಅಯ್ಯೋ ಮಹಾರಾಯ್ರೆ, ಆಸ್ಪತ್ರೆ ಒಣಗಿ ಕೂತಿದೆ, ನೀವು ಪಂಚನಾಮೆಗೆ ಕಾಯ್ತಾ ಇದೀರಾ? ತೆಗೆಸಿ ಮೊದಲು!"

ಔಷಧಿ ಅಂಗಡಿಯವರೂ ಸೈಕಲ್ ರಿಪೇರಿಯವರೂ ಪಂಚರಾಗಿ ನಿಂತರು. ಸರದಿಯ ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿದ. ಎಷ್ಟು ಮುಚ್ಚಿದೆಯೋ ನೋಡೋಣ ಎಂದು ಮೊದಲು ಬಲಕ್ಕೆ, ಮುಚ್ಚುವ ಕಡೆಗೆ ತಿರುಗಿಸಿದ. ಕೀಲಿ ಅರ್ಧ ಸುತ್ತು ಹೋಗಿ ನಿಂತಿತು.

"ಪೂರ್ತಿ ಮುಚ್ಚಿರಲಿಲ್ಲ ಸಾರ್. ಅರ್ಧ ಸುತ್ತು ಬಾಕಿ ಇತ್ತು, ಆ ಸಂದೀಲಿ ಆಸ್ಪತ್ರೆ ಟ್ಯಾಂಕಿಗೆ ನೀರು ಏರಲ್ಲ."

ದಫೇದಾರರು ಬರೆದುಕೊಂಡರು. ಎಡಕ್ಕೆ ತಿರುಗಿಸುತ್ತ ಹೋದಂತೆ ಕೊಳವೆಯೊಳಗೆ ನೀರು ಭೋರೆಂದಿತು. ಆಸ್ಪತ್ರೆಯ ಕಾವಲುಗಾರ "ಬಂತು, ಬಂತು!" ಎಂದು ಒಳಗೆ ಓಡಿದ. ಟ್ರೈನಿ ಮಾತ್ರ ಆ ಕಡೆ ತಿರುಗಿಯೂ ನೋಡದೆ ಕೀಲಿಯನ್ನೇ ನೋಡುತ್ತಿದ್ದಳು.

"ಸಾರ್, ಅರ್ಧ ಸುತ್ತು ಹಿಂದಕ್ಕೆ ತರೋದು ಮುಚ್ಚೋರ ಅಭ್ಯಾಸ ಅಲ್ಲ. ತೆರೆಯೋರದ್ದು. ಪೂರ್ತಿ ತೆರೆದ ಮೇಲೆ ಹಿಡ್ಕೊಳ್ಳದಿರಲಿ ಅಂತ ಅರ್ಧ ಸುತ್ತು ವಾಪಸ್ ತಿರುಗಿಸ್ತಾರೆ. ಕಲಿತ ಕೈ ತಾನಾಗೇ ಮಾಡುತ್ತೆ."

"ಮುಚ್ಚಿದೋನು ಯಾಕಮ್ಮ ತೆರೆದೋನ ಹಾಗೆ ಮಾಡ್ತಾನೆ?"

"ತೆರೀತಾ ಇದೀನಿ ಅಂದ್ಕೊಂಡೇ ಮುಚ್ಚಿದ್ರೆ? ಕೊಳವೇಲಿ ನೀರಿರಲಿಲ್ಲ. ಸದ್ದಿಲ್ಲದೆ ಗೊತ್ತಾಗಲ್ಲ."

ಇನ್‌ಸ್ಪೆಕ್ಟರ್ ಎಂಜಿನಿಯರ್ ಕಡೆ ತಿರುಗಿದರು. ಅವರ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಹಳೇ ವಾಲ್ವ್‌ಗಳು ಉಲ್ಟಾ ಇದ್ವು," ಎಂದರು ಮೆಲ್ಲಗೆ. "ಬಲಕ್ಕೆ ತಿರುಗಿಸಿದ್ರೆ ತೆರೀತಿದ್ವು. ಹೋದ ವರ್ಷ ಈ ಕಡೇದೆಲ್ಲ ಬದಲಾಯಿಸಿದ್ವಿ."

"ಅದು ಗೊತ್ತಿಲ್ಲದ ಹಳೇ ಕೈ ಯಾರು?"

"ಊರಲ್ಲಿ ಉಳಿದಿರೋದು ತಿರುಪಜ್ಜ ಒಬ್ಬನೇ. ನಮ್ಮ ನಿವೃತ್ತ ವಾಲ್ವ್‌ಮನ್. ಮೇಲಿನ ಓಣೀಲಿ ಮಗಳ ಮನೇಲಿದಾನೆ."

ಮೇಲಿನ ಓಣಿ ಅದೇ ಕೊಳವೆಯ ಕಟ್ಟಕಡೆ. ಹನ್ನೊಂದರ ಹೊತ್ತಿಗೆ ಪೊಲೀಸರು ಏದುಸಿರು ಬಿಡುತ್ತ ದಿಬ್ಬ ಹತ್ತಿದಾಗ ಅಜ್ಜ ಮೆಟ್ಟಿಲ ಮೇಲೆ ಕುಳಿತಿದ್ದ. ಬಾಗಿಲ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಹಳೆಯ ಕೀಲಿ ಸಿಕ್ಕಿತು. ಅದರ ತುದಿಯ ಕುಳಿಯಲ್ಲಿ ನೀಲಿ ಗ್ರೀಸು ಹಸಿಯಾಗಿಯೇ ಇತ್ತು. ಟ್ರೈನಿ ಹಿಂದಿನ ಸಂಜೆ ಹಚ್ಚಿದ್ದೂ ಅದೇ ನೀಲಿ. ಕೀಲಿಯನ್ನು ಪಂಚರೆದುರು ಜಪ್ತಿ ಮಾಡಿದರು.

"ಬರ್ತೀರಿ ಅಂತ ಗೊತ್ತಿತ್ತು," ಎಂದ ಅಜ್ಜ. "ಟ್ಯಾಂಕರ್ ಆಸ್ಪತ್ರೆ ಕಡೆ ಹೋಗೋದು ನೋಡಿದಾಗಲೇ ತಿಳೀತು, ನನ್ನ ಕೈಯಿಂದ ಉಲ್ಟಾ ಆಗಿದೆ ಅಂತ. ಠಾಣೆ ತಿರುವಿನವರೆಗೂ ಬಂದೆ ಸ್ವಾಮಿ, ಒಳಗೆ ಬರದೆ ವಾಪಸ್ ಹೋದೆ. ಯಾರಾದ್ರೂ ಸತ್ತರಾ?"

"ಇಲ್ಲ."

ಅಜ್ಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಬಂಧನ ಹನ್ನೊಂದೂವರೆಗೆ ದಾಖಲಾಯಿತು.

ಠಾಣೆಯಲ್ಲಿ ಎಂಜಿನಿಯರ್‌ಗೆ ಹೋದ ಜೀವ ಬಂದಿತ್ತು. ಬೇಕಂತಲೇ ಆಸ್ಪತ್ರೆಯ ನೀರು ನಿಲ್ಲಿಸಿದ ಎಂದು ಗಟ್ಟಿ ಕೇಸು ಹಾಕಿ ಎಂದರು. ಅದಕ್ಕೆ ಜಾಮೀನು ಸುಲಭವಲ್ಲ. ಆ ವಯಸ್ಸಿಗೆ ಜೈಲು ಎಂದರೆ ಹೋದವನು ಬಂದಾನೆಂಬ ಭರವಸೆಯಿಲ್ಲ. ಆಮೇಲೆ ಟ್ರೈನಿಗೆ, "ನಡಿಯಮ್ಮ, ನಿನ್ನ ತಂಟೆ ಮುಗೀತು," ಎಂದರು.

ಅವಳು ಏಳಲಿಲ್ಲ. "ನನ್ನ ಹೇಳಿಕೆ ಇನ್ನೂ ಬರ್ಕೊಂಡಿಲ್ಲ ಸಾರ್."

"ಬೀಸೋ ದೊಣ್ಣೆ ತಪ್ಪಿದೆ, ಸುಮ್ನೆ ಬಾ. ನಿನ್ನ ಕಾಯಂ ಮಾಡೋ ಕಾಗದಕ್ಕೆ ಸಹಿ ಹಾಕಬೇಕಾದೋನು ನಾನೇ, ನೆನಪಿರಲಿ."

ಹುಡುಗಿ ಇನ್‌ಸ್ಪೆಕ್ಟರ್ ಕಡೆಗೇ ತಿರುಗಿ ಹೇಳಿದಳು: "ಬರ್ಕೊಳ್ಳಿ ಸಾರ್. ಅಜ್ಜನ್ನ ಹಿಡಿದುಕೊಟ್ಟಿದ್ದು ಆ ಅರ್ಧ ಸುತ್ತು. ನೀರು ನಿಲ್ಲಿಸೋ ಮನಸ್ಸು ಅವರಿಗಿರಲಿಲ್ಲ ಅಂತ ಹೇಳೋದೂ ಅದೇ. ನಿಲ್ಲಿಸಬೇಕು ಅಂದ್ಕೊಂಡಿದ್ರೆ ಹಿಂದಕ್ಕೆ ತಿರುಗಿಸ್ತಿರಲಿಲ್ಲ. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

ಭೇಷ್ ಮಗಳೇ, ಎಂದುಕೊಂಡರು ಇನ್‌ಸ್ಪೆಕ್ಟರ್. ಬಾಯಲ್ಲಿ ಮಾತ್ರ, "ದಫೇದಾರ್ರೇ, ಒಂದಕ್ಷರ ಬಿಡಬೇಡಿ," ಎಂದರು.

ಎಂಜಿನಿಯರ್ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ತಿರುಗಿ ಬಂದು ಕುರ್ಚಿ ಎಳೆದು ಕುಳಿತರು. "ನಂದೂ ಬರ್ಕೊಳ್ಳಿ. ವಾಲ್ವ್ ಬದಲಾಯಿಸಿದಾಗ ಮುಚ್ಚಳದ ಮೇಲೆ ಬಾಣದ ಗುರುತು ಹಾಕಿಸಬೇಕಿತ್ತು. ನಾನು ಹಾಕಿಸಲಿಲ್ಲ." ಹುಡುಗಿಯ ಮುಖ ನೋಡದೆಯೇ ಇನ್ನೊಂದು ಮಾತು ಸೇರಿಸಿದರು: "ಕಾಯಂ ಆದ್ಮೇಲೆ ಮೇಲಿನ ಓಣಿ ನಿನ್ನ ಜವಾಬ್ದಾರಿ. ಅಲ್ಲಿಗ್ಯಾಕೆ ನೀರು ಹತ್ತಲ್ಲ ನೋಡು. ಕೈಲಾಗದವನು ಅಂತ ನನ್ನನ್ನ ಅಲ್ಲಿನೋರು ದಿನಾ ಬೈತಾರೆ."

ಬುದ್ಧಿಪೂರ್ವಕ ಕೃತ್ಯವಲ್ಲ, ಅನುಮತಿಯಿಲ್ಲದೆ ವಾಲ್ವ್ ಮುಟ್ಟಿದ್ದು ಎಂದು ಪ್ರಕರಣ ನಿಂತಿತು. ಠಾಣೆಯಲ್ಲೇ ಜಾಮೀನು. ಸಹಿ ಹಾಕಲು ಮಗಳು ಬಂದಳು, ಎಂಟು ತಿಂಗಳ ಬಸುರಿ. ಬಂದವಳೇ ಸೊಂಟಕ್ಕೆ ಕೈ ಕೊಟ್ಟು ನಿಂತು, "ನಾನು ಕೇಳಿದ್ನೇನಪ್ಪಾ ನಿನ್ನ ನೀರು? ಕೇಳಿದ್ನಾ?" ಎಂದು ಗದರಿಸಿ, ಗದರಿಸುತ್ತಲೇ ಅತ್ತಳು.

ಆ ಮನೆಯ ನಲ್ಲಿಗೆ ತಿಂಗಳುಗಟ್ಟಲೆ ನೀರು ಹತ್ತಿರಲಿಲ್ಲ. ಅಜ್ಜ ತಾನು ದುಡಿದ ಕಚೇರಿಗೇ ಹೋಗಿ ಹೇಳಿಕೊಂಡಿದ್ದ. ಯಾರೋ ಹೊಸಬರು ನಾಳೆ ಬಾ ಎಂದಿದ್ದರು. ಕೆಳಗಿನ ಬೀದಿಯಿಂದ ಕೊಡ ಹೊತ್ತು ದಿಬ್ಬ ಹತ್ತುವಾಗ ಮಗಳು ನಡುವೆ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳುವುದನ್ನು ಅವನು ಮೆಟ್ಟಿಲ ಮೇಲೆ ಕುಳಿತು ದಿನವೂ ನೋಡುತ್ತಿದ್ದ. ಊರಿಗೆಲ್ಲ ನೀರು ಬಿಟ್ಟ ಕೈ ಅದು. ತಡೆದುಕೊಳ್ಳಲಾಗದೆ, ಅರ್ಧ ತೆರೆದ ವಾಲ್ವನ್ನು ಪೂರ್ತಿ ತೆರೆದರೆ ಓಣಿಗೂ ನೀರು ಹತ್ತೀತೆಂದು ಸೋಮವಾರ ರಾತ್ರಿ ಹಳೆಯ ಕೀಲಿ ಹೊತ್ತು ಹೋಗಿದ್ದ.

"ಅಕ್ಕಾ, ನಾಳೆ ಬೆಳಗ್ಗೆ ನಿಮ್ಮ ನಲ್ಲಿ ಹತ್ರ ಬರ್ತೀನಿ," ಎಂದಳು ಟ್ರೈನಿ. "ನೀರು ಎಷ್ಟೊತ್ತಿಗೆ ನಿಲ್ಲುತ್ತೆ?"

"ನಿಲ್ಲೋಕೆ ಮೊದಲು ಬರಬೇಕಲ್ಲಮ್ಮ!"

ಅಜ್ಜ ಕಣ್ಣೊರೆಸಿಕೊಂಡು ಇನ್‌ಸ್ಪೆಕ್ಟರ್ ಕಡೆ ನೋಡಿದ. "ಅಲ್ಲಿ ರಸ್ತೆ ಡಾಂಬರಿನ ಕೆಳಗೆ ಒಂದು ಹಳೇ ವಾಲ್ವ್ ಹೂತುಹೋಗಿದೆ ಸ್ವಾಮಿ. ಇವರ್ಯಾರಿಗೂ ಗೊತ್ತಿಲ್ಲ. ನಾನೂ ಹೋಗಿ ತೋರಿಸಲಾ?"

"ಹೋಗು. ಆದ್ರೆ ಬಾಯಲ್ಲಿ ಹೇಳು ಸಾಕು," ಎಂದರು ಇನ್‌ಸ್ಪೆಕ್ಟರ್. "ತಿರುಗಿಸೋದು ಅವಳು."