ಪಾಳಿ ಬಿಟ್ಟುಕೊಟ್ಟವನ ಸ್ಕ್ಯಾನ್

2016ರ ಮಾರ್ಚ್, ಬುಧವಾರ ಬೆಳಿಗ್ಗೆ. ನಿಪ್ಪಾಣಿ ಠಾಣೆಗೆ ಬಂದ ಕರೋಶಿಯ ಸೋನಾಬಾಯಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇಲ್ಲಿ ಸ್ಕ್ಯಾನ್ ಸೆಂಟರಿನವ್ರು ನನ್ನ ಗಂಡನ ತಲ್ಯಾಗ ಗಂಟ ಐತಿ ಅಂದ್ರು. ಕೊಲ್ಲಾಪುರದಾಗ ಮತ್ತ ಸ್ಕ್ಯಾನ್ ಮಾಡಿ, ಏನೂ ಇಲ್ಲ ಅಂದ್ರು. ನಿನ್ನೆ ಸೆಂಟರಿಗೆ ಹೋಗಿ ಜಗಳಾಡಿ ಬಂದೇನಿ. ಹಂಗಾದ್ರ ಆ ಗಂಟ ಯಾರದ್ರಿ, ಮೇಡಂ?"

ಇನ್ಸ್‌ಪೆಕ್ಟರ್ ನೀಲಮರ ಪೆನ್ನು ನಿಂತಿತು. ಆ ಗಂಟಿನವರು ಯಾರೋ, 'ಏನೂ ಇಲ್ಲ' ಎಂಬ ಮಾತು ನಂಬಿ ಮನೆಯಲ್ಲಿದ್ದಾರೆ.

ಹೊರಗೆ ಕೂತಿದ್ದ ಗಂಡ ಧರೆಪ್ಪನನ್ನು ಕರೆಸಿದರು.

"ಅವತ್ತ ನಿಮ್ಮ ಪಾಳಿಗೆ ನೀವ ಒಳಗ ಹೋದ್ರಿ?"

"ಇಲ್ರಿ. ಒಬ್ಬ ಅಜ್ಜ ತಲಿ ಹಿಡ್ಕೊಂಡ ಕುಂತಿದ್ದ. ನೀ ಮೊದಲ ಹೋಗು ಅಂದ್ನಿ."

"ಹೆಸರು?"

"ಕೇಳಲಿಲ್ರಿ."

"ನೋಡ್ರಿ ಇವನ ಧರ್ಮ," ಎಂದಳು ಸೋನಾಬಾಯಿ. "ಪಾಳಿ ಕೊಟ್ಟು ಗಂಟ ತಗೊಂಡ ಬಂದಾನ."

ನೀಲಮರಿಗೆ ಹೊಳೆಯಿತು: ಸೆಂಟರಿನಲ್ಲಿ ಪಾಳಿಯ ಕ್ರಮದಲ್ಲೇ ಹೆಸರು ಟೈಪ್ ಆಗಿತ್ತು. ಹೀಗಾಗಿ ಇಬ್ಬರ ಚಿತ್ರಗಳು ಅದಲುಬದಲಾಗಿದ್ದವು. ಪಟ್ಟಿಯಲ್ಲಿ ಧರೆಪ್ಪನ ಮುಂದಿನ ಹೆಸರು ಬೇಕಿತ್ತು. ಎಫ್‌ಐಆರ್ ದಾಖಲಿಸಿ ಸೆಂಟರಿಗೆ ಹೋದರೆ ಕಂಪ್ಯೂಟರ್ ಖಾಲಿ.

"ನಿನ್ನೆ ಡಿಸ್ಕ್ ಹೋತ್ರಿ," ಎಂದ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಮಾಧಾನ ಎಂಬಾತ. ಹೆಸರು ಟೈಪ್ ಮಾಡಿಕೊಂಡು ಸ್ಕ್ಯಾನ್ ಮಾಡುವ ಅವನ ತಂಗಿ ಪ್ರಾಜಕ್ತಾ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

ಅಥಣಿ ಶಾಖೆಗೆ ಇದರ ನಕಲು ಹೋಗುತ್ತದೆ ಎಂದು ಮಾಲೀಕರು ಹೇಳಿದಾಗ ಸಮಾಧಾನ ಸುಮ್ಮನೆ ನಕ್ಕ. ಆ ನಗು ನೀಲಮರಿಗೆ ಸೇರಲಿಲ್ಲ.

ಅಥಣಿಯಲ್ಲಿ ಕಂಪ್ಯೂಟರ್ ನೋಡುವ ವಿಶ್ವಾಸ ಎಂಬಾತ ಪರದೆ ತೋರಿಸಿದ. "ತಾಸಿಗೊಮ್ಮೆ ನಿಪ್ಪಾಣಿಯಾಗ ಸ್ನ್ಯಾಪ್‌ಶಾಟ್ ಆಗ್ತೈತ್ರಿ. ಆ ಗಳಿಗಿಗೆ ಎಲ್ಲಾ ಹೆಂಗ ಇರ್ತೈತೊ ಹಂಗ. ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ಫರಕ್ ಐತೊ ಅಷ್ಟ ಇಲ್ಲಿ ಬರ್ತೈತಿ. ನಿನ್ನೆ ಸಂಜಿಯಿಂದ ನಿಂತೈತಿ."

"ಯಾಕ?"

"ಅಲ್ಲಿ ಹಳೇ ಸ್ನ್ಯಾಪ್‌ಶಾಟ್ ಎಲ್ಲಾ ಅಳಿಸ್ಯಾರ. ಎರಡೂ ಕಡೆ ಒಂದ ನಮೂನಿದು ಒಂದರೆ ಹಳೇದು ಉಳೀಬೇಕ್ರಿ. ಇಲ್ಲಾಂದ್ರ ಫರಕ್ ಯಾತಕ್ಕ ಹೋಲಿಸಿ ತಗೀತೈತಿ?"

ಅಂದರೆ ನಿಪ್ಪಾಣಿಯಲ್ಲಿ ಆದ ಅಳಿಸುವಿಕೆ ಇಲ್ಲಿಗೆ ತಲುಪಲೇ ಇಲ್ಲ; ಇಲ್ಲಿಯ ನಕಲು ಹಾಗೇ ಉಳಿದಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಧರೆಪ್ಪನ ಹೆಸರಿನಲ್ಲಿ ಗಂಟಿನ ಚಿತ್ರ. ಅದರ ಕೆಳಗಿನ ಹೆಸರು: ಭರಮು, ಸತ್ತಿ ಗ್ರಾಮ.

ಕಾನ್‌ಸ್ಟೇಬಲ್ ಗುರಪ್ಪ ಅಲ್ಲೇ ಇದ್ದ ನಂಬರಿಗೆ ಫೋನು ಹಚ್ಚಿದ. "ಅಜ್ಜ ಅದಾನ್ರಿ, ಮೇಡಂ! ತಲಿನೋವಿನ ಗುಳಿಗಿ ನುಂಗಿ ಮಲಗ್ಯಾನಂತ."

ಜೀಪು ಸತ್ತಿಗೆ ಹೊರಟಿತು. ಭರಮುವನ್ನು ಆಸ್ಪತ್ರೆಗೆ ಸೇರಿಸಿಯೇ ನೀಲಮ ನಿಪ್ಪಾಣಿಗೆ ಮರಳಿ ಸಮಾಧಾನನನ್ನು ಬಂಧಿಸಿದರು.

"ಎಲ್ಲಾ ಅಳಿಸಿದ್ರ ಅಥಣಿದೂ ಹೋಗ್ತೈತಿ ಅನ್ಕೊಂಡಿದ್ನಿ," ಎಂದ ಅವನು. "ತಂಗಿದು ಮೊದಲನೇ ನೌಕರಿರಿ. ತಪ್ಪು ಅಕಿ ಮ್ಯಾಲೆ ಬರ್ತಿತ್ತು."

ಬಾಗಿಲಲ್ಲಿ ಪ್ರಾಜಕ್ತಾ ನಿಂತಿದ್ದಳು.

"ದಾದಾ, ಆ ಅಜ್ಜನ ಹೆಸರು ಹುಡುಕಿ ಫೋನ್ ಮಾಡೂಣಂತ ಇವತ್ತ ಲಗೂನ ಬಂದು ಕಂಪ್ಯೂಟರ್ ಚಾಲೂ ಮಾಡಿದ್ನೊ," ಎಂದಳು. "ಒಂದ ಹೆಸರೂ ಇರಲಿಲ್ಲ."